ಸಾಣಾಪುರದ ಕಸ ಎತ್ತುವ ಗಂಡನಿಗೆ

ಮಂಗಳೂರು
(ಕಡಲಿನದಲ್ಲ, ನಮ್ಮ ಕೊಪ್ಪಳ ಜಿಲ್ಲೆಯದು)
ಮಂಗಳವಾರ, ೧೨ ನವೆಂಬರ್ ೨೦೨೪

ಆಸ್ಮಾಳ ಅಬ್ಬಾ ಅವರಿಗೆ ಶಮೀನಾಳ ಸಲಾಂ.

ನಾವಿಬ್ಬರೂ ಇಲ್ಲಿ ಆರಾಮ. ಆಸ್ಮಾ ತನ್ನ ನಾನಿಯ ಆಡಿನ ಮರಿಗಳ ಹಿಂದೆ ಓಡಿ ಓಡಿ ಮೊಣಕಾಲು ತರಚಿಕೊಂಡಿದ್ದಾಳೆ. ಫೋನು ಎತ್ತುತ್ತಿಲ್ಲವೆಂದು ಸಿಟ್ಟಾಗಬೇಡಿ. ಫೋನಿನಲ್ಲಿ ನಾನು ಒಂದು ಅಂದರೆ ನೀವು ಎರಡು ಅನ್ನುತ್ತೀರಿ, ಕೊನೆಗೆ ಯಾರಾದರೂ ಒಬ್ಬರು ಕಟ್ ಮಾಡುತ್ತೇವೆ. ಕಾಗದದಲ್ಲಿ ಆ ತಾಪತ್ರಯವಿಲ್ಲ. ಟಪಾಲಿಗೆ ಹಾಕಿದರೆ ತಡವಾಗುತ್ತದೆ ಅಂತ, ಗಂಗಾವತಿಗೆ ಹೊರಟಿರುವ ಪಕ್ಕೀರಪ್ಪ ಕಾಕಾನ ಕೈಲಿ ಕೊಡುತ್ತಿದ್ದೇನೆ. ಪೂರ್ತಿ ಓದಿ.

ಈ ಶುಕ್ರವಾರ ನಮಾಜಿನ ನಂತರ ನನ್ನ ಅಣ್ಣ ಹಾಜಿಸಾಬ ಜಮಾತಿನ ಹಿರಿಯರನ್ನು ಕೂಡಿಸುವುದು ನಿಮಗೆ ಗೊತ್ತೇ ಇದೆ. ಅಲ್ಲಿ ನನ್ನನ್ನು ಕೇಳುವುದು ಒಂದೇ ಮಾತು. ಗಂಡನ ಮನೆಗೆ ಹೋಗುತ್ತೀಯೋ, ಬಿಡುಗಡೆ ಬೇಕೋ? ಹೋದ ತಿಂಗಳು ಕೇಳಿದ್ದರೆ ಬಿಡುಗಡೆ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

ವಾರವೆಲ್ಲ ಗ್ಯಾರೇಜು, ರವಿವಾರ ಗಾಳ. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಆಸ್ಮಾಳಿಗೆ ಕಾಮಾಲೆಯಾಗಿ ಕಣ್ಣು ಅರಿಸಿನದಂತಾದ ದಿನವೂ ನೀವು ಕೆರೆಯ ದಂಡೆಯಲ್ಲೇ ಇದ್ದಿರಿ. ಕೂಸನ್ನು ಎತ್ತಿಕೊಂಡು ನಾನೊಬ್ಬಳೇ ದವಾಖಾನೆಗೆ ಓಡಿದೆ. ಸಂಜೆ ಬಂದವರು ತಪ್ಪಾಯಿತು ಅನ್ನಬಹುದಿತ್ತು. ನನಗೇನು ಗೊತ್ತು ಅಂದಿರಿ. ಆ ಮಾತಿಗೇ ನಾನು ಮನೆ ಬಿಟ್ಟದ್ದು, ನಿಮ್ಮ ಮೀನಿಗಲ್ಲ.

ಆಮೇಲೆ ನಿಮ್ಮ ಗಾಳದ ಗೆಳೆಯ ತಿಮ್ಮಣ್ಣನವರ ಕೈಲಿ ಹೇಳಿಕಳಿಸಿದಿರಿ. ಗಾಳದವರೆಲ್ಲ ಸೇರಿ ಈಗ ರವಿವಾರ ಮೀನು ಹಿಡಿಯುವುದು ಬಿಟ್ಟು ಸಾಣಾಪುರ ಕೆರೆಯ ಕಸ ತೆಗೆಯುತ್ತೀರಿ ಅಂತ, ನೀವು ಬದಲಾಗಿದ್ದೀರಿ ಅಂತ. ನನಗೆ ನಗು ತಡೆಯಲಾಗಲಿಲ್ಲ. ಉಂಡ ತಾಟು ಎತ್ತದ ಮನುಷ್ಯ ಊರವರ ಕಸ ಎತ್ತುತ್ತಾನಂತೆ! ಸುಳ್ಳು ಹೇಳುವುದಾದರೂ ನಂಬುವಂಥದ್ದು ಹೇಳಬಾರದೇ ಅನ್ನಿಸಿತು.

ಹಿರಿಯರ ಮುಂದೆ ಬಾಯಿ ಬಿಡುವ ಮೊದಲು ಆ ಸುಳ್ಳನ್ನು ಕಣ್ಣಾರೆ ನೋಡಿಬಿಡೋಣ ಅಂತ ಮೊನ್ನೆ ರವಿವಾರ ಸಾಣಾಪುರಕ್ಕೆ ಬಂದಿದ್ದೆ. ಹೌದು, ನಾನೇ. ಆಸ್ಮಾಳನ್ನು ಅಮ್ಮಿಯ ಹತ್ತಿರ ಬಿಟ್ಟು, ಗಂಗಾವತಿಯಿಂದ ಹುಸೇನಬೀ ಖಾಲಾಳನ್ನು ಜೊತೆಗೆ ಎಳೆದುಕೊಂಡು ಬಂದೆ. ಖಾಲಾ ಆಟೋದಲ್ಲಿ ದಾರಿಯುದ್ದಕ್ಕೂ, "ಸಿಕ್ಕಿಬಿದ್ದರ ನನ್ನ ಹೆಸರು ಹೇಳಬ್ಯಾಡವಾ" ಅಂತ ಗೋಗರೆಯುತ್ತಿದ್ದಳು.

ಮೊದಲು ಆ ಕೆರೆಯ ಮಾತು ಹೇಳಬೇಕು. ನಾನು ಎರೆ ಹೊಲದ ಊರಿನವಳು, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವಳು. ಗಂಗಾವತಿಗೆ ಬಂದ ಮೇಲೂ ಕಾಲುವೆಯ ನೀರು ಬಿಟ್ಟರೆ ಬೇರೆ ನೋಡಿರಲಿಲ್ಲ. ನೀವು ಕರೆಯಲಿಲ್ಲ, ನಾನು ಕೇಳಲಿಲ್ಲ. ಆ ತಿರುವು ದಾಟಿದ್ದೇ ತಡ, ಗುಡ್ಡದ ಬಂಡೆಗಳ ನಡುವೆ ಅಷ್ಟೊಂದು ನೀರು! ಒಂದು ಅಲೆಯೂ ಇಲ್ಲ. ಮೇಲಿನ ಬಂಡೆಗಳೆಲ್ಲ ಒಳಗೂ ಇದ್ದವು, ತಲೆಕೆಳಗಾಗಿ. ಸುಬ್‌ಹಾನಲ್ಲಾ ಅಂತ ಬಾಯಿಂದ ತಾನಾಗಿಯೇ ಬಂತು. ಇದಕ್ಕೋಸ್ಕರ ಮನುಷ್ಯ ವಾರವಾರ ಓಡಿಬಂದರೆ ಆಶ್ಚರ್ಯವೇನು ಅಂತ ಒಂದು ಗಳಿಗೆ ನಿಮ್ಮ ಪಕ್ಷ ವಹಿಸಿದೆ. ಒಂದೇ ಗಳಿಗೆ.

ಹರಿಗೋಲು ಹತ್ತಲು ಬಂದವರ ಗದ್ದಲದಾಚೆ, ಬಂಡೆಗಳ ಬುಡದಲ್ಲಿ ನೀವು ಕಂಡಿರಿ. ಲುಂಗಿ ಎತ್ತಿ ಕಟ್ಟಿ, ಗೊಬ್ಬರದ ಖಾಲಿ ಚೀಲ ಹಿಡಿದು ಬಗ್ಗಿ ಬಗ್ಗಿ ಆರಿಸುತ್ತಿದ್ದಿರಿ. ಬಾಟಲಿ, ಹರಿದ ಚಪ್ಪಲಿ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಕ್ಕೆ ಕಟ್ಟುವ ತಂಗೂಸಿ ದಾರ. ನಾನು ಮೇಲಿನ ಬಂಡೆಯ ಮರೆಯಲ್ಲಿ ನಿಂತೆ, ಅಲ್ಲಿಂದ ಕದಲಲಿಲ್ಲ. ತಿಮ್ಮಣ್ಣನವರು ನೋಡಲು ಬಂದವರಿಗೆ ತಿಳಿಸಿ ಹೇಳುತ್ತಿದ್ದರು. ಗಾಳ ಕಲ್ಲಿನ ಸಂದಿಯಲ್ಲಿ ಸಿಕ್ಕಿದರೆ ಯಾರೂ ಇಳಿದು ಬಿಡಿಸುವುದಿಲ್ಲವಂತೆ, ದಾರ ಹರಿದು ಹೊಸದು ಕಟ್ಟಿಕೊಳ್ಳುತ್ತಾರಂತೆ. ಹರಿದದ್ದು ನೀರಿನಲ್ಲೇ ಉಳಿಯುತ್ತದೆ. ಅದು ಯಾರದೆಂದು ತುದಿಗೆ ಕಟ್ಟಿದ ಭಾರ ನೋಡಿದರೆ ಗೊತ್ತಾಗುತ್ತದಂತೆ. ತಿಮ್ಮಣ್ಣನವರು ಪಂಪ್‌ಸೆಟ್ಟಿನ ನಟ್ಟು ಕಟ್ಟುತ್ತಾರೆ, ನೀವು ಗ್ಯಾರೇಜಿನ ಹಳೆಯ ಸ್ಪಾರ್ಕ್ ಪ್ಲಗ್ಗು.

ಅಷ್ಟರಲ್ಲಿ ಬಂಡೆಯ ಸಂದಿಯಿಂದ ಸಿಳ್ಳೆಯಂಥ ಕೂಗು ಬಂತು. ನಾನು ಹಕ್ಕಿ ಅಂದುಕೊಂಡೆ. "ನೀರನಾಯಿ ಮರಿ ಐತಿ ಶಬ್ಬೀರ, ದಾರದಾಗ ಸಿಕ್ಕೈತಿ!" ಅಂತ ತಿಮ್ಮಣ್ಣನವರು ಕೂಗಿದರು. ಕುತ್ತಿಗೆಗೂ ಮುಂಗಾಲಿಗೂ ದಾರ ಸುತ್ತಿಕೊಂಡು ಅದು ಮುಳುಗಿ ಏಳುತ್ತಿತ್ತು. ಆಚೆ ದೊಡ್ಡವು ತಲೆ ಎತ್ತಿ ಒಂದೇ ಸಮನೆ ಅರಚುತ್ತಿದ್ದವು. ನೀವು ಅಂಗಿ ಬಿಚ್ಚಿ ಕೈಗೆ ಸುತ್ತಿಕೊಂಡು ಇಳಿದೇಬಿಟ್ಟಿರಿ. ನೀರು ಎದೆಮಟ್ಟಕ್ಕೆ ಬಂತು. ನಿಮಗೆ ಈಜು ಬರುವುದಿಲ್ಲ, ಅದು ನನಗೆ ಗೊತ್ತು. ಬಿಡುಗಡೆ ಬೇಕೆಂದು ಹಟ ಹಿಡಿದವಳು ಬಂಡೆಗೆ ಒರಗಿ, ಯಾ ಅಲ್ಲಾ, ಈ ಮನುಷ್ಯನನ್ನು ಉಳಿಸಿಕೊಡು ಅಂತ ಬೇಡುತ್ತಿದ್ದೆ.

ಮರಿಯ ಮೇಲೆ ಅಂಗಿ ಮುಚ್ಚಿ, ಕಟಿಂಗ್ ಪ್ಲೇಯರಿನಿಂದ ದಾರ ಕತ್ತರಿಸಿದಿರಿ. ಅದು ನಿಮ್ಮ ಕೈ ಕಚ್ಚಿತು, ನೀವು ಬಿಡಲಿಲ್ಲ. ಕಡೆಯ ಸುತ್ತು ಬಿಚ್ಚಿದ್ದೇ ಅದು ಜಾರಿಹೋಯಿತು. ತಾಯಿ ಬಂದು ಮರಿಯ ಕುತ್ತಿಗೆ ಕಚ್ಚಿಕೊಂಡು ಹೋದಳು. ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ಅವೆಲ್ಲ ಒಟ್ಟಿಗೆ ನೀರಿನಿಂದ ಎದೆಯ ತನಕ ಎದ್ದು ನಿಂತು ನಮ್ಮನ್ನು ನೋಡಿದವು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಾಹ ಇಂಥವನ್ನು ನಮ್ಮ ಮಗ್ಗುಲಲ್ಲೇ ಇಟ್ಟಿದ್ದಾನೆ, ನಮಗೆ ಖಬರೇ ಇಲ್ಲ.

ಇನ್ನೂ ದೊಡ್ಡದು ಅದರ ನಂತರ ಆಯಿತು. ಉಳಿದ ದಾರವನ್ನು ನೀವು ಸಂದಿಯಿಂದ ಎಳೆದಿರಿ. ತುದಿಯಲ್ಲಿ ಸ್ಪಾರ್ಕ್ ಪ್ಲಗ್ಗು ಬಂತು. ಎಲ್ಲರ ಕಣ್ಣೂ ನೀರುನಾಯಿಗಳ ಮೇಲಿತ್ತು. ಕೈ ಬಿಟ್ಟಿದ್ದರೆ ಅದು ಮತ್ತೆ ಮುಳುಗುತ್ತಿತ್ತು, ಕೇಳುವವರಿರಲಿಲ್ಲ. ನೀವು ಅದರ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಿರಿ. ಆಮೇಲೆ ಎಲ್ಲರಿಗೂ ಕಾಣುವಂತೆ ಮೇಲೆತ್ತಿ, "ಇದು ನಂದ ಐತ್ರಿ. ತಪ್ಪು ನಂದ" ಅಂದಿರಿ.

ನಿಮ್ಮ ಬಾಯಿಂದ ಆ ಮಾತು! ನಾನು ಬಂಡೆಯ ಮರೆಯಲ್ಲೇ ಅತ್ತುಬಿಟ್ಟೆ. ನೀರುನಾಯಿಗಳನ್ನು ಕಂಡವರು ಕೊಪ್ಪಳ ಜಿಲ್ಲೆಯಲ್ಲಿ ಇನ್ನೂ ಕೆಲವರು ಸಿಗಬಹುದು. ಶಬ್ಬೀರ ತಪ್ಪೊಪ್ಪಿಕೊಂಡಿದ್ದನ್ನು ಅವತ್ತಿನ ತನಕ ಯಾರೂ ಕಂಡಿರಲಿಲ್ಲ.

ಅತ್ತದ್ದು ಖುಷಿಗೋ ಹೊಟ್ಟೆಕಿಚ್ಚಿಗೋ ನನಗೇ ಗೊತ್ತಾಗಲಿಲ್ಲ. ನೀರುನಾಯಿಯ ಮರಿಗೆ ಸಿಕ್ಕ ಮಾತು ನಿಮ್ಮ ಮರಿಗೂ ಸಿಗಬೇಕಲ್ಲವೇ? ಅವಳ ಕಣ್ಣು ಹಳದಿಯಾದ ದಿನದ ಬಗ್ಗೆ ನನಗೊಂದು ಮಾತು ಬರಬೇಕು. ಹಿರಿಯರ ಮುಂದೆ ಬೇಡ, ಅಲ್ಲಿ ಹೇಳಿದರೆ ಅದು ಹಿರಿಯರಿಗೆ ಹೇಳಿದ್ದಾಗುತ್ತದೆ. ಗುರುವಾರ ಸಂಜೆ ಇಲ್ಲಿಗೆ ಬನ್ನಿ. ಅಮ್ಮಿಯ ಪಡಸಾಲೆಯಲ್ಲಿ ಕೂತು ನನಗೂ ಆಸ್ಮಾಳಿಗೂ ಹೇಳಿ. ಹೇಳಿದಿರಾದರೆ ಶುಕ್ರವಾರ ಹಿರಿಯರಿಗೆ ಚಹಾ ಕುಡಿಸಿ ಕಳಿಸುತ್ತೇನೆ, ನಮ್ಮ ಟ್ರಂಕು ನೀವೇ ಹೊರಬೇಕು. ಬರದಿದ್ದರೆ ಶುಕ್ರವಾರ ನನ್ನ ಉತ್ತರ ಏನೆಂದು ನಿಮಗೆ ಗೊತ್ತು.

ಇತಿ,
ಇನ್ನೂ ನಿಮ್ಮವಳೇ ಆದ
ಶಮೀನಾ

ತಾ.ಕ.: ಬಂಡೆಯ ಮರೆಯಿಂದ ಕದಲಲಿಲ್ಲ ಅಂತ ಬರೆದದ್ದು ಸುಳ್ಳು. ನೀವು ದಂಡೆಗೆ ಬಂದು ಕೂತಾಗ ಕೈಯಿಂದ ರಕ್ತ ಸುರಿಯುತ್ತಿತ್ತು. ಮುಖ ಮುಚ್ಚಿದ ಬುರ್ಖಾದ ಹೆಂಗಸೊಬ್ಬಳು ಕರವಸ್ತ್ರ ಕಟ್ಟಿದಳು, ನೀವು ತಲೆ ಎತ್ತದೆ ಶುಕ್ರಿಯಾ ಆಪಾ ಅಂದಿರಿ. ಅದು ನಾನು. ಹೆಂಡತಿಯನ್ನು ಅಕ್ಕ ಅಂದ ಸಂಗತಿ ಹಿರಿಯರ ಕಿವಿಗೆ ಹಾಕುವುದಿಲ್ಲ, ಹೆದರಬೇಡಿ. ಕಚ್ಚಿದ್ದಕ್ಕೆ ಇಂಜೆಕ್ಷನ್ ಮಾಡಿಸಿಕೊಳ್ಳಿ, ಇವತ್ತೇ. ಮತ್ತೆ ಗುರುವಾರ ಬಂದಾಗ ದಯವಿಟ್ಟು ತಲೆ ಎತ್ತಿ ನನ್ನನ್ನು ನೋಡಿ.