ಉಗುರುಬಣ್ಣದ ಚಿಟ್ಟೆ

ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಉತ್ತರ ತಡವಾಯಿತೆಂದು ಮೂತಿ ಉಬ್ಬಿಸಬೇಡ. ಹೊಟ್ಟೆಯಲ್ಲಿರುವ ಮಗುವೂ ಅದನ್ನೇ ಕಲಿತೀತು. ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಮಗು ನನ್ನನ್ನು ‘ಚಿಕ್ಕಜ್ಜಿ’ ಅನ್ನಬಹುದಾ ಅಂತ ಕೇಳಿದ್ದೀಯ. ಹೇಳುತ್ತೇನೆ, ಮೊದಲು ಇಲ್ಲಿನ ತಮಾಷೆ ಕೇಳು.

ಸಂಗ್ರಹಕಾರರು ತರುವ ಚಿಟ್ಟೆಗಳ ಜಾತಿ ಗುರುತಿಸಿಕೊಡುವ ನನ್ನ ಮೇಜು ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ. ಮನೆಯೆಲ್ಲ ನುಸಿಗುಳಿಗೆಯ ವಾಸನೆ ಎಂದು ನಿಮ್ಮಪ್ಪ ಇನ್ನೂ ಗೊಣಗುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರು ಗಾಜಿನ ಪೆಟ್ಟಿಗೆಯೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. ಒಳಗೆ ಕಪ್ಪು ರೆಕ್ಕೆಯ, ಕೆಂಪು ಮೈಯ ಚಿಟ್ಟೆ.

“ವಿಷದ ಚಿಟ್ಟೆ ಮೇಡಂ! ತುಂಬಾ ಹುಡುಕಿ ತರಿಸಿದ್ದು.”

ನಿನಗೆ ಗೊತ್ತಲ್ಲ, ವಿಷದ್ದನ್ನು ಹಕ್ಕಿಗಳು ಮುಟ್ಟುವುದಿಲ್ಲ. ಅದಕ್ಕೇ ಇನ್ನೊಂದು ಜಾತಿಯ ಹೆಣ್ಣು ಅದರಂಥದೇ ರೆಕ್ಕೆ ತೊಟ್ಟು ಓಡಾಡುತ್ತದೆ. ರೆಕ್ಕೆ ನಂಬಿದರೆ ಕೆಟ್ಟೆವು, ಮೈ ನೋಡಬೇಕು: ವಿಷದ್ದು ಕೆಂಪು, ಇನ್ನೊಂದು ಕಪ್ಪು. ಭೂತಗನ್ನಡಿಯಲ್ಲಿ ಈ ಕೆಂಪು ಯಾಕೋ ಮಿರಮಿರ ಮಿಂಚುತ್ತಿತ್ತು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಕುಂಚ ಅದ್ದಿ ಮೆಲ್ಲಗೆ ಸವರಿದೆ. ಕೆಂಪೆಲ್ಲ ಕುಂಚಕ್ಕೇ ಬಂತು! ಮಾರಿದ ಪುಣ್ಯಾತ್ಮ ಚಿಟ್ಟೆಯ ಹೊಟ್ಟೆಗೆ ಉಗುರುಬಣ್ಣ ಬಳಿದಿದ್ದ. ನಿಮ್ಮಪ್ಪ ನಕ್ಕ ರಭಸಕ್ಕೆ ಕಾಫಿ ನೆತ್ತಿಗೇರಿತು.

ಡಾಕ್ಟರು ಮುಖ ಹುಳ್ಳಗೆ ಮಾಡಿಕೊಂಡರು. “ಅಯ್ಯೋ, ಹಾಗಾದ್ರೆ ಇದು ನಕಲೀನಾ?”

“ಬಣ್ಣ ನಕಲಿ ಡಾಕ್ಟ್ರೇ, ಚಿಟ್ಟೆ ಅಸಲೀನೇ. ಅದರ ಹೆಸರು ಬೇರೆ, ಅಷ್ಟೇ,” ಅಂದೆ. ಹೊಸ ಚೀಟಿ ಬರೆದು ಪಿನ್ನಿಗೆ ಸಿಕ್ಕಿಸಿ ಕಳಿಸಿದೆ.

ಹೊತ್ತು ಹೊತ್ತಿಗೆ ಉಣ್ಣು. ಹೆರಿಗೆಗೆ ಮುಂಚೆಯೇ ಬಂದುಬಿಡುತ್ತೇನೆ, ಬೇಡ ಅಂದರೂ ಕೇಳುವವಳಲ್ಲ. ನೂರು ಕಾಲ ಸುಖವಾಗಿ ಬಾಳು.

ನಿನ್ನ
ಚಿಕ್ಕಮ್ಮ

ತಾ.ಕ.: ನಿನ್ನ ಅಮ್ಮ, ನನ್ನ ಅಕ್ಕ, ಹೋದ ಮೇಲೆ ನಾನು ಈ ಮನೆಗೆ ಬಂದಾಗ ನೀನು ಇಷ್ಟುದ್ದ ಇದ್ದೆ. ನಾನು ಅಕ್ಕನ ತದ್ರೂಪು ಎಂದು ಎಲ್ಲರೂ ಅನ್ನುತ್ತಿದ್ದರು. ನೀನು ಮಾತ್ರ ನನ್ನ ಗದ್ದ ಹಿಡಿದು “ಅಮ್ಮನ ಮಚ್ಚೆ ಎಲ್ಲಿ?” ಅಂತ ಅಳುತ್ತಿದ್ದೆ. ಒಂದು ಬೆಳಿಗ್ಗೆ ಕಾಡಿಗೆಯಿಂದ ಮಚ್ಚೆ ಇಟ್ಟುಕೊಂಡೆ. ನೀನು ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಕಪ್ಪಾದ ಬೆರಳು ನೋಡಿ, “ನೀನು ಚಿಕ್ಕಮ್ಮ,” ಅಂದೆ. ಸರಿಯಾಗಿಯೇ ಗುರುತಿಸಿದ್ದೆ. ಆದರೂ ಇಷ್ಟು ವರ್ಷ, ನೀನು ಹಾಗೆ ಕರೆದಾಗಲೆಲ್ಲ ಆ ‘ಚಿಕ್ಕ’ ನನಗೆ ನೋವು ಮಾಡಿದೆ. ನೀನು ಹಾಗೇ ಕರೆ. ‘ಅಮ್ಮ’ ಅನ್ನುವುದು ಅಕ್ಕನದು. ಆದರೆ ಮಗು ಅವಳನ್ನು ನೋಡಿಲ್ಲ, ನನ್ನ ಗದ್ದದಲ್ಲಿ ಅದು ಏನನ್ನೂ ಹುಡುಕುವುದಿಲ್ಲ. ಅದರ ಬಾಯಲ್ಲಿ ನಾನು ಬರೀ ಅಜ್ಜಿ ಆಗಲಾ?