ರೆಕ್ಕೆ ಬಂದ ಬಸವನಹುಳು

ಮಾರ್ಚ್ ೧೪, ಶುಕ್ರವಾರ

ಮೊಬೈಲ್ ಆಟದ ಇನ್ನೂರು ಪ್ರಾಣಿಗಳಲ್ಲಿ ನನಗೆ ಬಾಕಿಯಿದ್ದದ್ದು ರೆಕ್ಕೆಯ ಬಸವನಹುಳು ಒಂದೇ. ನಮ್ಮ ಹುಳುವನ್ನು ಬೇರೆ ಆಟಗಾರರಿಗೆ ಕೊಟ್ಟರೆ ಮಾತ್ರ ಅದಕ್ಕೆ ರೆಕ್ಕೆ ಮೂಡುತ್ತದೆ. ಆಮೇಲೆ ಅವರು ಹಿಂದಿರುಗಿಸಬೇಕು. ಮೊದಲ ದಿನದಿಂದ ಸಾಕಿದ್ದನ್ನು ಇವತ್ತು ಸಂಜೆ ಆಟದಲ್ಲೇ ಪರಿಚಯವಾದ, ಮುಖ ಕಂಡಿರದ ಒಬ್ಬ ದರ್ಜಿಯವಳಿಗೆ ಕೊಟ್ಟೆ. ಅರ್ಧ ಗಂಟೆ ಸುದ್ದಿಯಿಲ್ಲ.

"ಹೋಯ್ತು ಬಿಡಜ್ಜಿ," ಎಂದಳು ಮೊಮ್ಮಗಳು.

"ನಿನ್ನ ಬಾಯಿಗೆ ಬೀಗ ಹಾಕೇ!"

ದರ್ಜಿಗೆ ಬೈಗುಳ ಅರ್ಧ ಟೈಪ್ ಮಾಡಿದ್ದೆ, ಅಷ್ಟರಲ್ಲಿ ಹುಳು ರೆಕ್ಕೆ ಬಡಿಯುತ್ತ ಬಂತು. ಇನ್ನೂರೂ ಭರ್ತಿ! ಜೊತೆಗೆ ಅವಳ ಸಂದೇಶ: "ಹಾಲು ಉಕ್ಕಿತ್ತು, ಬೇಜಾರಾಗ್ಬೇಡಿ. ನನ್ನ ಆಮೇನೂ ಬೇರೆಯವರ ಹತ್ರ ಹೋದ್ರೇ ಬೆಳೆಯೋದು, ದೊಡ್ಡದು ಮಾಡ್ಕೊಡ್ತೀರಾ ಅಕ್ಕ?"

ಬೈಗುಳ ಅಳಿಸಿ "ಕಳಿಸು" ಎಂದೆ. ಆಮೆ ಬಂದು, ನೋಡನೋಡುತ್ತ ಬೆಟ್ಟದಷ್ಟಾಯಿತು.

"ವಾಪಸ್ ಕೊಡಜ್ಜೀ!"

"ಇರೇ, ಅವಳ ಜೀವಾನೂ ಚೂರು ಬಾಯಿಗೆ ಬರ್ಲಿ."

ಎರಡು ನಿಮಿಷವೂ ನನ್ನ ಕೈ ತಡೆಯಲಿಲ್ಲ. ಕೊಟ್ಟುಬಿಟ್ಟೆ.