ಗಬ್ಬೂರಿನ ಸರ್ವರ್ ಬಿಡಿಸಿದ ದಿನ

ವಾಸು ಕಾಕಾ,

ಆಫೀಸಿಗೆಲ್ಲ ನೀವು ಸರ್, ನನಗೊಬ್ಬಳಿಗೇ ಕಾಕಾ. ಅಲ್ಲಿ ಚಹಾ ಸಿಗುತ್ತದೋ ಇಲ್ಲವೋ, ಇದನ್ನು ಮಾತ್ರ ಕೂತು ಓದಿ. ನನಗಂತೂ ಇವತ್ತು ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಕೆಲಸಕ್ಕೆ ಸೇರಿದ ವಾರ ನೆನಪಿದೆಯೇ? ನಮ್ಮ ಆಂಬುಲೆನ್ಸ್ ಕರೆಗಳ ಸಾಫ್ಟ್‌ವೇರ್ ದೇಶಪಾಂಡೆ ನಗರ, ಗಬ್ಬೂರ, ಧಾರವಾಡ, ಮೂರೂ ಕಡೆಯ ಸರ್ವರ್‌ಗಳಲ್ಲಿ ಒಟ್ಟಿಗೇ ಓಡುತ್ತದೆ ಎಂದು ತೋರಿಸಿದಿರಿ. "ಹತ್ತು ನಿಮಿಷ ಎಲ್ಲಾ ಬಂದ್ ಮಾಡಿ ಹೊಸಾ ಪ್ರೋಗ್ರಾಂ ಹಾಕಿದ್ರಾತು, ಅದರಾಗೇನೈತ್ರಿ?" ಎಂದೆ. "ಹಂಗಾರ ಆ ಹತ್ತು ನಿಮಿಷ ಯಾರಿಗೂ ಎದಿ ನೋಯಬಾರದು ಅಂತ ಊರಾಗ ಡಂಗುರ ಸಾರಿ ಬಾ ಹೋಗವಾ," ಎಂದಿರಿ.

ಆಮೇಲೆ ಕಲಿಸಿದಿರಿ: ಒಂದು ಸಲಕ್ಕೆ ಒಂದೇ ಸರ್ವರನ್ನು ಕೆಲಸದಿಂದ ಬಿಡಿಸಬೇಕು. ಬಿಡುವ ಮೊದಲು ಅದು ಉಳಿದೆರಡಕ್ಕೆ ಹೇಳಬೇಕು. ಹೊಸ ಕರೆಗಳು ಅತ್ತ ಹೋಗಲಿ, ಹಿಡಿದ ಕರೆಯನ್ನು ಅದೇ ಮುಗಿಸಲಿ. "ಪಂಕ್ತಿಯಾಗ ನೀಡಾಕತ್ತಾವ ನಡುವ ಸೌಟು ಒಗದು ಎದ್ದು ಹೋಗತಾನೇನು?"

ಮತ್ತೆ ನೀವು? ಆ ಮಂಗಳವಾರ "ನಾಳೆ ನೋಡೂಣು" ಎಂದು ಎದ್ದು ಹೋದವರು ಆ ರಾತ್ರಿಯೇ ಕಣ್ಣು ಮುಚ್ಚಿದಿರಿ... ಯಾರಿಗೆ ಹೇಳಿ ಹೋದಿರಿ? ಉಳಿದೆರಡು ಕಡೆ ಹೊಸದು ಬಂದರೂ ಗಬ್ಬೂರಿನಲ್ಲಿ ನೀವು ಬರೆದ ಹಳೆಯ ಪ್ರೋಗ್ರಾಂ ಓಡುತ್ತಲೇ ಇತ್ತು. ಬೈಪಾಸಿನ ಹೊಸ ದಾರಿ ಅದಕ್ಕೆ ತಿಳಿಯದು, ಗಾಡಿಗಳು ಸುಮ್ಮನೆ ಸುತ್ತು ಹಾಕುತ್ತಿದ್ದವು. ಬದಲಿಸಲೇಬೇಕಿತ್ತು. ಮುಟ್ಟಲು ಎಲ್ಲರಿಗೂ ಭಯ. ನನ್ನ ಭಯವೇ ಬೇರೆ. ಅದನ್ನೂ ನಿಲ್ಲಿಸಿದರೆ ನೀವು ಪೂರ್ತಿ...

ಇವತ್ತು ಮಧ್ಯಾಹ್ನ ಬಿಡಿಸಲು ಕೂತೆ. ಹೊಸ ಕರೆಗಳು ಉಳಿದೆರಡಕ್ಕೆ ಹೊರಳಿದವು. ಗಬ್ಬೂರಿನ ಕೈಯಲ್ಲಿ ಒಂದೇ ಉಳಿಯಿತು: ಅಮರಗೋಳದ ಮಾರುಕಟ್ಟೆಯಲ್ಲಿ ಮೂಟೆ ಸಮೇತ ಬಿದ್ದ ಒಬ್ಬರು ಹಮಾಲರು. ಗಾಡಿ ಇನ್ನೂ ದಾರಿಯಲ್ಲಿತ್ತು. ಮ್ಯಾನೇಜರ್ ಬೆನ್ನ ಹಿಂದೆ ನಿಂತು, "ಲಗೂ ಬಂದ್ ಮಾಡವಾ, ಎಷ್ಟೊತ್ತು ಕಾಯತಿ?" ಎಂದರು. "ಅವರು ದವಾಖಾನಿ ಮುಟ್ಟೂ ತನಕ ಆಗೂದಿಲ್ರಿ!" ಎಂದು ಚೀರಿಯೇಬಿಟ್ಟೆ. ಅವರು ದವಾಖಾನೆ ಮುಟ್ಟಿದರು ಕಾಕಾ. ಆಮೇಲೇ ನಿಮ್ಮದನ್ನು ನಿಲ್ಲಿಸಿ ಹೊಸದನ್ನು ಹಚ್ಚಿದೆ.

ಚಹಾ ಹೊತ್ತಿಗೆ ಕರೆ ತೆಗೆದುಕೊಳ್ಳುವ ಶೋಭಾ ಬಂದು, "ಸುಮಕ್ಕಾರ, ಯಾವಾಗ ಬದಲಿ ಮಾಡ್ತೀರಿ?" ಎಂದಳು. ಮುಗಿಯಿತು ಎಂದೆ. "ಖರೇನ ಏನ್ರಿ? ನಮಗ ಗೊತ್ತ ಆಗಲಿಲ್ಲ ನೋಡ್ರಿ!"

ಹಾಗೆ ಆಗಬೇಕೆಂದೇ ನೀವು ಕಲಿಸಿದ್ದು. ನೀವು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ ಕಾಕಾ. ನಾನೊಬ್ಬಳೇ ಅತ್ತೆ.

ನಿಮ್ಮ
ಸುಮಾ